ಮೂವತ್ತರವರೆಗೆ ಎಣಿಸುವ ಟೇಲರಮ್ಮ

ಟೇಲರಮ್ಮ ಒಣನೆಲದ ಮೇಲೂ ಹೊಳೆಯಲ್ಲಿ ನಡೆದಂತೆಯೇ ನಡೆಯುತ್ತಿದ್ದರು. ಹೆಜ್ಜೆಯನ್ನು ಎತ್ತಿ ಇಡುವ ಪದ್ಧತಿ ಅವರದಲ್ಲ. ಒಂದು ಪಾದವನ್ನು ನೆಲಕ್ಕೆ ತಾಗಿಸಿಕೊಂಡೇ ಮುಂದಕ್ಕೆ ಜಾರಿಸಿ, ಅಲ್ಲಿನ ನೆಲ ತಮ್ಮ ಭಾರವನ್ನು ಹೊರುವುದೆಂದು ಖಚಿತವಾದ ಮೇಲಷ್ಟೇ ಇನ್ನೊಂದನ್ನು ಅದರ ಬಳಿಗೆ ಕರೆದುಕೊಳ್ಳುತ್ತಿದ್ದರು. ಮೈಯನ್ನು ಸದಾ ತುಸು ಓರೆಯಾಗಿಟ್ಟುಕೊಂಡ ಆ ನಡಿಗೆಯನ್ನು ಪೇಟೆಬೀದಿಯಲ್ಲಿ ಮೊದಲ ಸಲ ಕಂಡವರು, ಪಾಪ, ಮಂಡಿನೋವಿರಬೇಕು ಎಂದುಕೊಳ್ಳುತ್ತಿದ್ದರು. ಮಂಡಿ ಕಲ್ಲಿನಂತಿತ್ತು. ಐವತ್ತೆಂಟನೆಯ ವಯಸ್ಸಿನಲ್ಲಿ ಒಂದೇ ಉಸಿರಿಗೆ ಐವತ್ತಡಿ ಆಳಕ್ಕಿಳಿದು ಬರುತ್ತಿದ್ದವರು ಅಂಚೆ ಕಚೇರಿಯ ಮೆಟ್ಟಿಲನ್ನೂ ಅದೇ ಎಚ್ಚರದಿಂದ ಹತ್ತುತ್ತಿದ್ದರೆಂದರೆ, ಅದು ಮೈಗೆ ಇಳಿದುಹೋದ ವಿದ್ಯೆ.

ಅವರು ಮೊದಲು ನಿಜಕ್ಕೂ ಟೇಲರೇ. ಬಂದರಿನ ಹತ್ತಿರ, ಕಡಲಲ್ಲಿ ಮುಳುಗು ಹಾಕುವವರಿಗೆ ಬೇಕಾದ ಸಾಮಾನು ಮಾರುವ ಅಂಗಡಿಯ ಪಕ್ಕದಲ್ಲಿ ಅವರ ಹೊಲಿಗೆ ಅಂಗಡಿ. ಹರಿದ ರಬ್ಬರ್ ಉಡುಪುಗಳು ಸಹಜವಾಗಿಯೇ ಈ ಕಡೆಗೆ ಬರುತ್ತಿದ್ದವು. ತಾವು ಹಾಕಿದ ಹೊಲಿಗೆಯಲ್ಲಿ ನೀರು ಜಿನುಗುತ್ತದೆಯೇ ಎಂದು ಪರೀಕ್ಷಿಸಲು ಒಮ್ಮೆ ತಾವೇ ಅದನ್ನು ತೊಟ್ಟು ಕಡಲಿಗಿಳಿದರಂತೆ. “ನೋಡ್ಕೊಂಡು ಬರ್ತೀನಿ ಅಂತ ಹೋದವಳು, ಇಪ್ಪತ್ತೆರಡು ವರ್ಷ ಆಯ್ತು, ಇನ್ನೂ ಬರ್ತಾನೇ ಇದ್ದಾಳೆ” ಎಂದು ಅವರ ಯಜಮಾನರು ಹೇಳುತ್ತಿದ್ದರು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದ ಆ ಮಿತಭಾಷಿ, ಈಗ ಪ್ರವಾಸಿಗರನ್ನು ಮೀನು ಬೇಟೆಗೆ ಕರೆದೊಯ್ಯುತ್ತಿದ್ದ ಹೆಂಡತಿಯ ದೋಣಿ ನಡೆಸುತ್ತಿದ್ದರು. ದಿನಕ್ಕೆ ಅವರಾಡುತ್ತಿದ್ದ ನಾಲ್ಕು ಮಾತುಗಳಲ್ಲಿ ಇದೊಂದು.

ಟೇಲರಮ್ಮನ ಮಾತೂ ಬಹಳವೇನಲ್ಲ. ಆದರೆ ನೀರಿನ ಬಳಿಗೆ ಬಂದರೆ ಐದು ನಿಮಿಷಕ್ಕೊಮ್ಮೆ, ಯಾವ ಮಾತಿನ ನಡುವೆಯಾದರೂ ಸರಿ, “ಇದ್ದೀರಾ?” ಎಂದು ಕೇಳುತ್ತಿದ್ದರು. ತಲೆಯಾಡಿಸಿದರೆ ಒಪ್ಪುತ್ತಿರಲಿಲ್ಲ, ಬಾಯಿ ಬಿಟ್ಟು “ಇದ್ದೀನಿ” ಎನ್ನಬೇಕು. ಹದಿನಾಲ್ಕು ಜೇಬುಗಳ ಖಾಕಿ ಮೇಲಂಗಿಯೊಂದನ್ನು ತಾವೇ ಹೊಲಿದುಕೊಂಡಿದ್ದರು. ಕತ್ತರಿ ಎಲ್ಲಿ, ಗಾಯದ ಪಟ್ಟಿ ಎಲ್ಲಿ, ಸೀಟಿ ಎಲ್ಲಿ ಎಂಬುದು ಅವರ ಕೈಗಳಿಗೆ ಕಣ್ಣಿನ ಸಹಾಯವಿಲ್ಲದೆ ತಿಳಿದಿತ್ತು.

ನಾನೂ ನನ್ನ ತಮ್ಮನೂ ನಾಲ್ಕು ದಿನದ ಪ್ರವಾಸಕ್ಕೆಂದು ಅವರಲ್ಲಿಗೆ ಹೋದೆವು. ಮೊದಲೆರಡು ದಿನ ಹೊಳೆಯಲ್ಲಿ, ಹುಳುವಿನ ಬದಲು ಹುಸಿನೊಣ ಕಟ್ಟಿದ ಗಾಳ, ಮುಂದಿನೆರಡು ದಿನ ಕಡಲಿನಲ್ಲಿ ಮುಳುಗಿ ಈಟಿಯಿಂದ ಮೀನು ಬೇಟೆ. ನನ್ನ ತಮ್ಮ, ಕಾಲೇಜಿನ ದಿನಗಳಲ್ಲಿ ಈಜಿನ ಪದಕಗಳನ್ನು ಗೆದ್ದವನು; ನಲವತ್ತು ದಾಟಿದರೂ ಆ ಪದಕಗಳು ಅವನ ಕತ್ತಿನಿಂದ ಇಳಿದಿರಲಿಲ್ಲ.

ಮೊದಲ ದಿನದ ಬೆಳಗ್ಗೆಯಿಡೀ ಟೇಲರಮ್ಮ ನಮಗೆ ಹೊಳೆಯ ಮುಖವನ್ನೇ ತೋರಿಸಲಿಲ್ಲ. ಅಂಗಡಿಯ ಹಿಂದಿನ ಬಯಲಿನಲ್ಲಿ ನಿಲ್ಲಿಸಿ, ಕೈಗೆ ಉದ್ದನೆಯ ಗಾಳದ ಕೋಲು ಕೊಟ್ಟು, ದಾರದ ತುದಿಗೆ ಕೊಕ್ಕೆಯ ಬದಲು ಕೆಂಪು ಉಣ್ಣೆಯ ಚೂರೊಂದನ್ನು ಕಟ್ಟಿದರು. ಕಣ್ಣಿಗೆ ಕನ್ನಡಕ, ತಲೆಗೆ ಟೋಪಿ ಕಡ್ಡಾಯ. ದಾರವನ್ನು ಹಿಂದಕ್ಕೆ ಬೀಸಿ, ಅದು ಬೆನ್ನ ಹಿಂದೆ ಪೂರ್ತಿ ಬಿಚ್ಚಿಕೊಳ್ಳುವಷ್ಟು ಕಾಲ ಕಾದು, ಆಮೇಲೆ ಮುಂದಕ್ಕೆ ಹರಿಯಬಿಡಬೇಕು.

“ಮೊದ್ಲು ಹಿಂದೆ ನೋಡಿ. ಮೀನು ಮುಂದಿದೆ, ಕಣ್ಣು ಕಳ್ಕೊಳ್ಳೋರು ಹಿಂದೆ ನಿಂತಿರ್ತಾರೆ.”

“ಅಕ್ಕ, ನಾವು ಬಂದಿದ್ದು ಮೀನು ಹಿಡಿಯೋಕಾ, ಉಣ್ಣೆ ಒಣಗಿಸೋಕಾ?” ಎಂದು ತಮ್ಮ ನನ್ನ ಕಿವಿಯಲ್ಲಿ ಗೊಣಗಿದ. ಟೇಲರಮ್ಮನಿಗೆ ಕೇಳಿಸಿತು. “ಒಣಗಲಿ ಬಿಡಿ, ಮಧ್ಯಾಹ್ನ ಒದ್ದೆ ಆಗೋದು ಇದ್ದೇ ಇದೆ” ಎಂದರು, ನಗದೆ.

ಮಧ್ಯಾಹ್ನ ಹೊಳೆಗಿಳಿದಾಗ ಅವರ ಆ ವಿಚಿತ್ರ ನಡಿಗೆಯ ಮರ್ಮ ನನಗೆ ತಿಳಿಯಿತು. ಸೊಂಟಕ್ಕೆ ಬಿಗಿದ ಪಟ್ಟಿ, ಕೈಯಲ್ಲಿ ಊರುಗೋಲು, ಪ್ರವಾಹಕ್ಕೆ ಓರೆಯಾದ ಮೈ. ಪಾಚಿಗಟ್ಟಿದ ಗುಂಡುಕಲ್ಲುಗಳ ಮೇಲೆ ಪಾದವೆತ್ತಿದವಳು ನಾನೊಬ್ಬಳೇ, ಬಿದ್ದವಳೂ ನಾನೊಬ್ಬಳೇ. ಹಿಡಿದೆತ್ತಿದ ಕೈ ಟೇಲರಮ್ಮನದು.

ಈಟಿಯ ವಿಷಯದಲ್ಲಿ ಅವರದು ಇನ್ನೂ ಕಠಿಣ ಶಾಸನ. ಹಿಂದೊಮ್ಮೆ ಬ್ಯಾಂಕ್ ಅಧಿಕಾರಿಯೊಬ್ಬ ದೋಣಿಯಲ್ಲಿ ಕುಳಿತು ಈಟಿ ಹಾರಿಸುವ ಬಂದೂಕನ್ನು ತಮಾಷೆಗೆ ಹೆಂಡತಿಯತ್ತ ತಿರುಗಿಸಿದನಂತೆ. ಟೇಲರಮ್ಮ ಅದನ್ನು ಕಸಿದುಕೊಂಡು ಯಜಮಾನರಿಗೆ ಸನ್ನೆ ಮಾಡಿದರು. ದೋಣಿ ದಡಕ್ಕೆ ತಿರುಗಿತು. “ಖಾಲಿ ಇತ್ತು ಕಣ್ರೀ!” ಎಂದು ಆತ ಕೂಗಾಡಿದನಂತೆ. “ಖಾಲಿ ಇತ್ತು ಅಂತ ನಿಮಗೆ ಗೊತ್ತಿತ್ತು. ನಿಮ್ಮ ಕೈಗೆ ಗೊತ್ತಿರ್ಲಿಲ್ಲ” ಎಂದಷ್ಟೇ ಹೇಳಿ ಅವನ ಚೀಲವನ್ನು ಕೆಳಗಿಳಿಸಿದರಂತೆ.

ಮೂರನೆಯ ದಿನ ಕಡಲು ಕನ್ನಡಿಯಂತಿತ್ತು. ಕೆಂಪು ಬಾವುಟದ ತೇಲುಬೆಂಡನ್ನು ನೀರಿಗೆ ಬಿಟ್ಟು ಅವರು ನಿಯಮ ವಿಧಿಸಿದರು: ಒಬ್ಬರು ಮುಳುಗಿದರೆ ಇನ್ನೊಬ್ಬರು ಮೇಲೆ ಕಾಯಬೇಕು, ಮುಳುಗಿದವರು ಮೇಲೆ ಬಂದ ಮೇಲೂ ಮೂವತ್ತು ಎಣಿಸುವವರೆಗೆ ಅವರ ಮುಖದಿಂದ ಕಣ್ಣು ಕೀಳಬಾರದು. “ಜನ ಆಳದಲ್ಲಿ ಮುಳುಗ್ತಾರೆ ಅನ್ಕೊಂಡಿದ್ದೀರಿ. ಎಷ್ಟೋ ಜನ ಮೇಲೆ ಬಂದು, ಉಸಿರು ತಗೊಂಡು, ನಕ್ಕು, ಆಮೇಲೆ ಎಚ್ಚರ ತಪ್ಪಿ ಹೋಗ್ತಾರೆ.”

ತಮ್ಮ ಮುಳುಗುವಾಗ ಕಾಯುವ ಪಾಳಿ ನನ್ನದು. ಐದನೆಯ ಸಲ ಅವನು ಬಂಡೆಯ ಸಂದಿಯಲ್ಲಿ ಕಂದುಬಣ್ಣದ ದೊಡ್ಡ ಮೀನೊಂದನ್ನು ಕಂಡು, ತನಗೆ ವಿಧಿಸಿದ್ದ ಹೊತ್ತನ್ನು ಮೀರಿ ಕೆಳಗೇ ಉಳಿದ. ನಾನು ನೀರಲ್ಲಿ ಮುಖವಿಟ್ಟು ಕೆಳಗೆ ಅವನನ್ನು ಹುಡುಕಿದೆ. ಅಷ್ಟರಲ್ಲಿ ಚಿಮ್ಮಿ ಮೇಲೆ ಬಂದ, ಗಟ್ಟಿಯಾಗಿ ಉಸಿರೆಳೆದ, ಹೆಬ್ಬೆರಳೆತ್ತಿ ಹಲ್ಲು ಬಿಟ್ಟ. ಅಬ್ಬ ಎಂದುಕೊಂಡು ನಾನು ಯಜಮಾನರಿಗೆ ಸುದ್ದಿ ಕೂಗಲು ದೋಣಿಯತ್ತ ತಿರುಗಿದೆ.

“ಇದ್ದೀರಾ?” ಹಿಂದಿನಿಂದ ಟೇಲರಮ್ಮನ ದನಿ.

ತಮ್ಮ ತಲೆಯಾಡಿಸಿರಬೇಕು.

“ಬಾಯಲ್ಲಿ ಹೇಳಿ!”

ನಾನು ತಿರುಗಿ ನೋಡಿದಾಗ ಅವನ ಕಣ್ಣು ತೆರೆದಿತ್ತು, ನೋಟವಿರಲಿಲ್ಲ. ಗದ್ದ ಮೆಲ್ಲನೆ ನೀರಿಗೆ ಇಳಿಯುತ್ತಿತ್ತು. ಆದರೆ ಅದು ಪೂರ್ತಿ ಇಳಿಯುವ ಮೊದಲೇ ಅದರಡಿಯಲ್ಲಿ ಒಂದು ಅಂಗೈ ಬಂದಿತ್ತು. ಟೇಲರಮ್ಮ ಮುಳುಗಲು ಭಾರಕ್ಕೆಂದು ಅವನ ಸೊಂಟಕ್ಕೆ ಕಟ್ಟಿದ್ದ ಸೀಸದ ಪಟ್ಟಿಯನ್ನು ಒಂದೇ ಎಳೆತಕ್ಕೆ ಕಳಚಿ, ಮುಖಗವಸು ತೆಗೆದು, ಕೆನ್ನೆ ತಟ್ಟಿ, ಕಣ್ಣಿನ ಮೇಲೆ ಉಫ್ ಎಂದು ಊದಿ, ಮಗುವನ್ನು ಎಬ್ಬಿಸುವ ದನಿಯಲ್ಲಿ “ಉಸಿರು ತಗೋಪ್ಪಾ, ತಗೋ” ಎಂದರು. ಎಷ್ಟು ಕ್ಷಣವೋ ತಿಳಿಯದು. ತಮ್ಮ ಗೊರಕೆಯಂಥ ಸದ್ದಿನೊಡನೆ ಉಸಿರೆಳೆದುಕೊಂಡು, “ಏನಾಯ್ತು? ನಾನು ಚೆನ್ನಾಗೇ ಇದ್ನಲ್ಲ!” ಎಂದ.

ದೋಣಿಯಲ್ಲಿ ಅವನಿಗೆ ಕಂಬಳಿ ಹೊದಿಸಿದ ಮೇಲೆ ಟೇಲರಮ್ಮ ನನ್ನ ಪಕ್ಕ ಬಂದು ಕುಳಿತರು.

“ಎಷ್ಟು ಎಣಿಸಿದ್ರಿ?”

“ಆರೋ ಏಳೋ” ಎಂದೆ.

“ನಾನು ಹನ್ನೊಂದರಲ್ಲಿದ್ದೆ” ಎಂದರು. ಅದಕ್ಕಿಂತ ಒಂದಕ್ಷರ ಹೆಚ್ಚು ಬೈಯಲಿಲ್ಲ. ಬೈದಿದ್ದರೆ ನಾನು ಅತ್ತು ಹಗುರಾಗುತ್ತಿದ್ದೆ. ಕಾಯುವ ಪಾಳಿ ಯಾರದಾಗಿದ್ದರೂ ಅವರೂ ಎಣಿಸುತ್ತಿದ್ದರು. ಪ್ರತಿ ಸಲವೂ, ಮೂವತ್ತರವರೆಗೆ, ಅಷ್ಟು ವರ್ಷಗಳಿಂದ.

ದಡದಲ್ಲಿ ವೈದ್ಯರು ನೋಡಿ ಅಪಾಯವಿಲ್ಲ ಎಂದರು. ನಾಳೆ ಇನ್ನೊಂದು ಸಲ ಇಳಿಯುತ್ತೇನೆಂದು ತಮ್ಮ ಬೇಡಿಕೊಂಡ. “ಇಳಿಯಲ್ಲ” ಎಂದರು ಟೇಲರಮ್ಮ, ಬಟನ್ ಬಿಗಿಯಾಗಿದೆ ಎನ್ನುವಷ್ಟೇ ಸಲೀಸಾಗಿ. ನಾಲ್ಕನೆಯ ದಿನ ನಮ್ಮನ್ನು ಮತ್ತೆ ಹೊಳೆಗೆ ಕರೆದೊಯ್ದರು. ತಮ್ಮ ದಡದಲ್ಲಿ ಕುಳಿತು ನನ್ನ ಬೆನ್ನ ಹಿಂದಿನ ಜಾಗ ಕಾಯುವುದು, ನಾನು ಬೀಸುವುದು. ಹನ್ನೊಂದು ಗಂಟೆಯ ಸುಮಾರಿಗೆ ನನ್ನ ಹುಸಿನೊಣ ನಿಂತ ನೀರಿನ ಅಂಚಿನಲ್ಲಿ ತೂರಿದ ಹೊಟ್ಟಿನಂತೆ ಹಗುರಾಗಿ ಇಳಿಯಿತು, ನೀರು ಬಾಯ್ದೆರೆಯಿತು, ಕೋಲು ಬಾಗಿತು. ಅಂಗೈ ಒದ್ದೆ ಮಾಡಿಕೊಂಡು ಆ ಬೆಳ್ಳಿಮೈಯನ್ನು ನೀರಲ್ಲೇ ಹಿಡಿದು, ಮುಳ್ಳಿಲ್ಲದ ಕೊಕ್ಕೆಯನ್ನು ಬಿಡಿಸಿ, ಹೋಗಗೊಟ್ಟಾಗ ಟೇಲರಮ್ಮ ಚಪ್ಪಾಳೆ ತಟ್ಟಿ ಕುಣಿದರು. ಹೌದು, ಆ ಗಂಭೀರೆ, ಸೊಂಟದುದ್ದ ನೀರಿನಲ್ಲಿ. “ನೋಡಿದ್ರಾ ಅದರ ಠೀವಿ! ಥ್ಯಾಂಕ್ಸೂ ಹೇಳ್ಲಿಲ್ಲ!” ದಡದಲ್ಲಿದ್ದ ತಮ್ಮ ಎದ್ದು ನಿಂತು ನಗುತ್ತಿದ್ದ. ನಾಲ್ಕು ದಿನದಲ್ಲಿ ಮೊದಲ ಬಾರಿಗೆ ಅವನು ತನಗೆ ಸಿಗದ ಮೀನಿಗೆ ಸಂತೋಷಪಟ್ಟಿದ್ದ.

ಧೀರರೆಂದರೆ ಭಯವನ್ನು ಅರಿಯದವರೆಂದೂ, ಎಚ್ಚರಿಕೆ ಪುಕ್ಕಲರ ಸ್ವತ್ತೆಂದೂ ನಾನು ಬಹುಕಾಲ ನಂಬಿದ್ದೆ. ಟೇಲರಮ್ಮನಂಥವರು ಭಯವನ್ನು ಓಡಿಸುವ ಗೋಜಿಗೆ ಹೋಗುವುದಿಲ್ಲ. ಅದನ್ನು ನಂಬಿಕಸ್ಥ ಆಳಿನಂತೆ ಕೆಲಸಕ್ಕಿಟ್ಟುಕೊಂಡು, ಅದರ ಪಾಲಿನ ದುಡಿಮೆಯನ್ನು ತಪ್ಪದೆ ಮಾಡಿಸಿ, ಉಳಿದ ಹೊತ್ತನ್ನೆಲ್ಲ ನಿರಾತಂಕವಾದ ಆನಂದಕ್ಕೆ ಬಿಟ್ಟುಕೊಂಡಿರುತ್ತಾರೆ. ಅವರ ಕಸುಬಿನ ಹಿರಿಮೆಗೆ ಸಾಕ್ಷಿಯೂ ಉಳಿಯುವುದಿಲ್ಲ, ಏಕೆಂದರೆ ಆಗದೇ ಹೋದ ಅನಾಹುತಕ್ಕೆ ಯಾರೂ ಚೌಕಟ್ಟು ಹಾಕಿಸುವುದಿಲ್ಲ. ಇಂಥವರೊಡನೆ ನೀರಿಗೆ ಹೋದವರು ಒಮ್ಮೊಮ್ಮೆ ಬರಿಗೈಯಲ್ಲಿ ಮರಳಿಯಾರು. ಆದರೆ ಹೋದಷ್ಟೇ ಜನ ಮರಳುತ್ತಾರೆ.