ಸಾವು ತಿಳಿಸಿದವರು

ಮಗಳ ಲಗ್ನಪತ್ರಿಕೆಗೆಂದು ಮಾಲೂರಿನ ಪ್ರೆಸ್ಸಿಗೆ ಹೋದಾಗ, "ನಿಮ್ಮ ತಂದೆ ಹೆಸರಿಗೆ ದಿವಂಗತ ಅಂತ ಹಾಕೋದಾ ಮೇಷ್ಟ್ರೇ?" ಎಂದು ಕೇಳಿದರು. ಟೇಕಲ್ಲಿನ ಶಾಲೆಯ ಶ್ರೀನಿವಾಸಪ್ಪನಿಗೆ ಉತ್ತರ ಗೊತ್ತಿರಲಿಲ್ಲ. ಅವನು ಕೈಗೂಸಾಗಿದ್ದಾಗ, ೧೯೩೭ರಲ್ಲಿ, ಅಪ್ಪ ಗಂಗುಲಪ್ಪ ತನ್ನ ತಮ್ಮ ಚನ್ನರಾಯಪ್ಪನ ಜೊತೆ ಮಲಯದ ರಬ್ಬರ್ ತೋಟಕ್ಕೆ ಕೂಲಿಗೆ ಹೋಗಿದ್ದ. ನಾಲ್ಕು ವರ್ಷ ಕಾಗದ ಬಂದವು. ಜಪಾನಿನವರು ನುಗ್ಗಿದ ಮೇಲೆ ನಿಂತವು. ಯುದ್ಧ ಮುಗಿದ ಮೇಲೆ ಚನ್ನರಾಯಪ್ಪ ಒಬ್ಬನೇ ಬಂದು, "ಗಲಾಟೇಲಿ ದಿಕ್ಕಾಪಾಲಾದ್ವಿ. ಅಣ್ಣ ಬರ್ತಾನೆ" ಎಂದ. ಅಮ್ಮ ಬೈರಮ್ಮ ನಂಬಿದಳು.

೧೯೭೯ರ ಆ ಮದುವೆ ದಿವಂಗತ ಎಂಬ ಮಾತಿಲ್ಲದೆಯೇ ಮುಗಿಯಿತು. ಆದರೆ ಪ್ರಶ್ನೆ ಶ್ರೀನಿವಾಸಪ್ಪನನ್ನು ಬಿಡಲಿಲ್ಲ. ಹಳೆಯ ಕಾಗದಗಳಲ್ಲಿದ್ದ ತೋಟದ ಹೆಸರು ಹಿಡಿದು ಅಲ್ಲಿನ ಜನನ ಮರಣ ಕಚೇರಿಗೆ ಬರೆದ. ಹನ್ನೊಂದು ತಿಂಗಳಿಗೆ ನಕಲು ಬಂತು. ಗಂಗುಲಪ್ಪ, ಕೂಲಿ, ವಯಸ್ಸು ಇಪ್ಪತ್ತೆಂಟು. ೧೯೪೦ರ ಮಾರ್ಚಿನಲ್ಲಿ ಮಲೇರಿಯಾದಿಂದ ಸಾವು. ಸಾವು ತಿಳಿಸಿದವರು: ತಮ್ಮ, ಚನ್ನರಾಯಪ್ಪ.

ಅದರ ನಂತರವೂ ಒಂದೂವರೆ ವರ್ಷ ಅಪ್ಪನ ಹೆಸರಲ್ಲಿ ಕಾಗದ ಬಂದಿತ್ತು.

ಚಿಕ್ಕಪ್ಪ ಜಗಲಿಯ ಮೇಲೆ ಕೂತಿದ್ದ. ಶ್ರೀನಿವಾಸಪ್ಪ ನಕಲನ್ನು ಓದಿ ಹೇಳಿದ.

"ನಾನೇ ಬರೀತಿದ್ದೆ ಕಣೋ ಸೀನ," ಎಂದ ಮುದುಕ. "ಅಣ್ಣನ್ನ ಮಣ್ಣು ಮಾಡಿದವನೂ ನಾನೇ. ಊರಿಗೆ ಹೆಂಗೆ ಬರೀಲಿ? ಆಮೇಲೆ ಬಂದಾಗ್ಲೂ ಬಾಯಿ ಬರ್ಲಿಲ್ಲ."

ಬೈರಮ್ಮ ಒಳಗಿಂದ ಬಂದು ಬಾಗಿಲಲ್ಲಿ ನಿಂತಿದ್ದಳು.

"ನೀನು ವಾಪಸ್ ಬಂದ್ಮೇಲೆ ಪಕ್ಕದೂರಿನ ಸೊಣ್ಣಪ್ಪ ಕೂಡಿಕೆ ಕೇಳ್ಕೊಂಡು ಬಂದಾಗ?" ಎಂದಳು. "ಗಂಡ ಇಲ್ದೋಳಾದ್ರೆ ಕಟ್ಕೋತೀನಿ, ಮಗೂನೂ ಸಾಕ್ತೀನಿ ಅಂದ. ನೀನು ಇದೇ ಜಾಗದಲ್ಲಿ ಕೂತಿದ್ದೆ."

"ಕೂತಿದ್ದೆ ಅತ್ತಿಗಮ್ಮ."

"ಅಣ್ಣ ಬದುಕವ್ನೆ ಅಂದೆ."

"ನೀನು ಹೊರಟೋದ್ರೆ ಈ ಹುಡುಗನೂ ಹೋಗ್ತಾನೆ ಅನ್ನಿಸ್ತು. ಅಣ್ಣಂದು ಅಂತ ಉಳಿದಿದ್ದು ಅವನೊಬ್ಬನೇ."

"ನನಗೆ ಆಗ ಇಪ್ಪತ್ತೆಂಟು," ಎಂದಳು ಬೈರಮ್ಮ. ಅಷ್ಟೇ. ಒಳಗೆ ಹೋಗಿ ತಾನೇ ಬಳೆ ತೆಗೆದಿಟ್ಟು ತಲೆಯ ಮೇಲೆ ನೀರು ಹುಯ್ದುಕೊಂಡಳು. ಬೀದಿಯ ಹೆಂಗಸರನ್ನು ಬಾಗಿಲ ಹತ್ತಿರಕ್ಕೂ ಬಿಡಲಿಲ್ಲ.

ನಲವತ್ತು ವರ್ಷ ತಡವಾಗಿ ಗಂಗುಲಪ್ಪನ ತಿಥಿಯಾಯಿತು. ತನ್ನನ್ನು ಸಾಕಿ ಓದಿಸಿದ ಚಿಕ್ಕಪ್ಪನನ್ನು ಕರೆಯಲೆಂದು ಶ್ರೀನಿವಾಸಪ್ಪ ಎರಡು ಸಲ ಬಾಯಿ ತೆರೆದ. ಅಮ್ಮನ ಮುಖ ನೋಡಿ ಸುಮ್ಮನಾದ. ಚನ್ನರಾಯಪ್ಪ ಆ ವಾರವೇ ಮುಳಬಾಗಿಲಿನ ಮಗಳ ಮನೆಗೆ ಹೊರಟುಹೋದ.

ಮರುವರ್ಷ ಅವನು ತೀರಿಕೊಂಡನೆಂದು ತಂತಿ ಬಂತು. ಶ್ರೀನಿವಾಸಪ್ಪ ಒಬ್ಬನೇ ಹೋಗಿ ಮಣ್ಣು ಹಾಕಿ ಬಂದ.

"ನರಳಿದ್ನಾ?" ಎಂದು ಕೇಳಿದಳು ಬೈರಮ್ಮ.

"ಮೂರು ದಿವ್ಸ, ಅಮ್ಮ. ನಿನ್ನನ್ನ ಕೇಳಿದ್ನಂತೆ."

ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕುವ ಹೊತ್ತಾಗಿತ್ತು. ಬೈರಮ್ಮ ಮಂಕರಿ ಎತ್ತಿಕೊಂಡು ಹಿಪ್ಪುನೇರಳೆ ತೋಟದ ಕಡೆ ನಡೆದಳು.