ಪುಕಾಳ ಹೊಟ್ಟೆ, ನಿಕನೋರಾಳ ಬಲಗೈ

ನಿಕನೋರಾ ಸುಲ್ಕಾ ಯಾರಿಗೂ ಬಲಗೈ ಕೊಡುತ್ತಿರಲಿಲ್ಲ. ಎದುರಾದವರು ಕೈ ಚಾಚಿದರೆ ಎಡಗೈ ನೀಡುತ್ತಿದ್ದಳು. ಪೂಜೆ ಮಾಡಿಸಲು ಬಂದ ಪಾದ್ರಿಯಾಗಲಿ, ಕಣಿವೆಯ ಪಟ್ಟಣದ ಅಧಿಕಾರಿಯಾಗಲಿ, ಮಗಳನ್ನು ಕೇಳಲು ಬಂದ ಬೀಗರಾಗಲಿ, ಎಲ್ಲರ ಪಾಲಿಗೂ ಅದೇ ಎಡಗೈ. ಬಲಗೈ ಮಾತ್ರ, ಸತ್ತ ಗಂಡನ ಕಂದು ಉಣ್ಣೆಕೋಟಿನೊಳಗೆ ಹೊಕ್ಕು, ಎಡ ಕಂಕುಳಿನ ಬೆಚ್ಚನೆಯ ಮರೆಯಲ್ಲಿ ಹಗಲೆಲ್ಲ ವಿಶ್ರಾಂತಿ ಪಡೆಯುತ್ತಿತ್ತು. ಒಂದು ಕೈ ಬೀಸದೆ ನಡೆಯುತ್ತಿದ್ದುದರಿಂದ ಅವಳ ನಡಿಗೆ ಒಂದು ಮಗ್ಗುಲಿಗೆ ವಾಲಿರುತ್ತಿತ್ತು. ಎದುರಿನ ದಿಣ್ಣೆಯ ಮೇಲೆ ವಾಲುತ್ತಾ ಸಾಗುವ ಅವಳ ಟೋಪಿಯನ್ನು ಕಂಡೇ ನಿಕನೋರಾ ಬಂದಳೆಂದು ಊರು ತಿಳಿಯುತ್ತಿತ್ತು.

ಅದು ಸೊಕ್ಕಲ್ಲ, ಕಸುಬಿನ ಶಿಸ್ತು. ಬೆಳಗಿನ ಹೊತ್ತು ನೀರು ಹೆಪ್ಪುಗಟ್ಟುವ ನಮ್ಮ ಬೆಟ್ಟದೂರಿನಲ್ಲಿ ಬೆಚ್ಚಗಿನ ಅಂಗೈ ಎನ್ನುವುದು ಜೋಪಾನ ಮಾಡಬೇಕಾದ ವಸ್ತು. ಇಲ್ಲಿ ಪ್ರತಿ ಅಡುಗೆಮನೆಯಲ್ಲೂ ಒಲೆಯ ಬದಿಗೆ ಕುಯಿಗಳ ಹಿಂಡು ಇರುತ್ತದೆ. ಬೇರೆ ದೇಶಗಳಲ್ಲಿ ಗಿನಿಪಿಗ್ ಎಂದು ಪಂಜರದಲ್ಲಿಟ್ಟು ಮುದ್ದಿಸುತ್ತಾರಂತಲ್ಲ, ಅವೇ. ನಮಗೆ ಅವು ಹಬ್ಬದೂಟ, ನೆಂಟರ ಮರ್ಯಾದೆ. ಯಾವುದೋ ಒಂದರ ಹೊಟ್ಟೆ ಗುಂಡಗಾದಾಗ ಮನೆಯಲ್ಲಿ ಆ ಪ್ರಶ್ನೆ ಏಳುತ್ತದೆ: ಇದು ಕೊಬ್ಬೋ, ಗಬ್ಬವೋ? ಕೊಬ್ಬಾದರೆ ಬಾಣಲೆಗೆ, ಗಬ್ಬವಾದರೆ ಮುಟ್ಟುವಂತಿಲ್ಲ. ಕಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ, ಮತ್ತು ಸೊಪ್ಪಿಗಾಗಿ ಶಿಳ್ಳೆ ಹಾಕುವುದನ್ನು ಬಿಟ್ಟರೆ ಕುಯಿ ತನ್ನ ಬಗ್ಗೆ ಏನನ್ನೂ ಹೇಳಿಕೊಳ್ಳುವುದಿಲ್ಲ. ಆಗ ಅದನ್ನು ಶಾಲಿನಲ್ಲಿ ಸುತ್ತಿಕೊಂಡು ನಿಕನೋರಾಳ ಹೊಸ್ತಿಲಿಗೆ ಹೋಗಬೇಕು.

ಅವಳು ಎಡಗೈಯನ್ನು ಅದರ ಎದೆಗೆ ಆನಿಸಿ ಹಿಡಿದು, ಕಂಕುಳಿನಿಂದ ಬಲಗೈಯನ್ನು ಮೆಲ್ಲಗೆ ಹೊರತೆಗೆದು, ಹೊಟ್ಟೆಯ ಕೆಳಗೆ ಇಡುತ್ತಿದ್ದಳು. ಕೈ ತಣ್ಣಗಿದ್ದರೆ ಪ್ರಾಣಿ ಬೆದರಿ ಹೊಟ್ಟೆಯನ್ನು ಬಿಗಿಹಿಡಿಯುತ್ತದೆ, ಮತ್ತೆ ಏನೂ ತಿಳಿಯುವುದಿಲ್ಲ. ಮರಿಗಳಿದ್ದರೆ ಬೆರಳ ನಡುವೆ ಎಳೆ ಆಲೂಗಡ್ಡೆಗಳ ಹಾಗೆ ಬಿಡಿಬಿಡಿಯಾಗಿ ಜಾರುತ್ತವೆ. ಕೊಬ್ಬಾದರೆ ನಾದಿದ ಹಿಟ್ಟಿನಂತೆ ಒಂದೇ ಮುದ್ದೆ. ಕಣ್ಣು ಮುಚ್ಚಿ, ತುಟಿ ಒಳಗೆಳೆದುಕೊಂಡು, ಕೊನೆಗೆ ತೀರ್ಪು ಕೊಡುತ್ತಿದ್ದಳು. ಆ ತೀರ್ಪನ್ನು ತನ್ನದೆಂದು ಅವಳು ಎಂದೂ ಒಪ್ಪಿಕೊಂಡವಳಲ್ಲ. ಪ್ರತಿಸಲವೂ "ಕೈ ಹೇಳ್ತದೆ" ಎಂದೇ ಆರಂಭ.

ಒಮ್ಮೆ ಕೆಳಗಿನ ಓಣಿಯವನೊಬ್ಬ ವಾದಕ್ಕೆ ನಿಂತ. "ಸರಿಯಾಗಿ ನೋಡಮ್ಮ, ಗಬ್ಬವೇ ಇದು. ಗಂಡನ್ನ ನಾನೇ ಬಿಟ್ಟಿದ್ದೀನಿ."

"ನಿನ್ನ ಗಂಡು ಏನು ಮಾಡ್ತೋ ನಂಗೊತ್ತಿಲ್ಲಪ್ಪ. ನಿನ್ನ ಹೆಂಡ್ತಿ ಮಾತ್ರ ಸಿಪ್ಪೆ ಚೆನ್ನಾಗಿ ಹಾಕಿದಾಳೆ. ಕೊಬ್ಬು ಅಂತ ಕೈ ಹೇಳ್ತದೆ, ಹೋಗು."

ಅವನು ಗೊಣಗುತ್ತಾ ಹೋದ. ಮುಂದಿನ ಭಾನುವಾರ ಆ ಮನೆಯಿಂದ ಹುರಿದ ಕುಯಿಯ ಘಮ ಬಂತು, ಊರಿನ ನಗು ಅವನನ್ನು ಎಷ್ಟೋ ಕಾಲ ಬಿಡಲಿಲ್ಲ. ಆ ಕೈ ತಪ್ಪಿದ್ದನ್ನು ಕಂಡವರಿಲ್ಲ. ಅದಕ್ಕಿಂತ ಮುಖ್ಯವಾಗಿ, ಅದು ಸುಳ್ಳು ಹೇಳಿದ್ದನ್ನು ಕಂಡವರಿರಲಿಲ್ಲ.

ಇಂಥವಳು ಒಂದು ಕುಯಿಗೆ ಹೆಸರಿಟ್ಟಳು. ನಾಳೆ ತಟ್ಟೆಗೆ ಬರುವುದಕ್ಕೆ ಹೆಸರೇಕೆ ಎಂಬುದು ನಮ್ಮವರ ರೂಢಿ. ಆದರೆ ಒಂದು ಚಳಿಗಾಲದ ಹಿಮ ತಾಯಿಯನ್ನೂ ಒಡಹುಟ್ಟುಗಳನ್ನೂ ಕೊಂದು ಉಳಿಸಿದ ಒಂದೇ ಒಂದು ಕೆಂಚು ಮರಿಯನ್ನು ಕೋಟಿನ ಜೇಬಿನಲ್ಲಿಟ್ಟು ಸಾಕಿದಾಗ ಅವಳ ಬಾಯಿಂದ 'ಪುಕಾ' ಎಂಬ ಹೆಸರು ತಾನಾಗಿ ಹೊರಬಿತ್ತು. ನಮ್ಮ ಮಾತಿನಲ್ಲಿ ಕೆಂಪಿ ಎಂದಂತೆ. ಅವಳ ಟೈರಿನ ಚಪ್ಪಲಿ ಅಂಗಳದ ಕಲ್ಲಿಗೆ ಉಜ್ಜಿದ ಸದ್ದಿಗೇ ಪುಕಾ ಶಿಳ್ಳೆ ಹಾಕುತ್ತಿತ್ತು; ಅವಳು ಆಲೂಗಡ್ಡೆ ಸುಲಿಯಲು ಕೂತರೆ ಪಾದದ ಮೇಲೆ ಹತ್ತಿ ಕೂರುತ್ತಿತ್ತು. ನಿಕನೋರಾಳನ್ನು ದಯಾಮಯಿ ಎಂದುಕೊಂಡರೆ ತಪ್ಪಾದೀತು. ಹಬ್ಬದಲ್ಲಿ ಕುಯಿಯ ತಲೆಯನ್ನೂ ಬಿಡದೆ ಚೀಪಿ ತಿನ್ನುವವಳು ಅವಳು. ಕುಯಿಗಳ ಮೇಲೆ ಅವಳಿಗೆ ಕರುಣೆಯೇನೂ ಇರಲಿಲ್ಲ. ಇದೊಂದರ ಮೇಲೆ ಪ್ರೀತಿಯಿತ್ತು. ಇವೆರಡನ್ನೂ ಒಂದೇ ಎಂದು ತಿಳಿಯುವವರಿಗೆ ಅವಳ ಕಥೆ ಅರ್ಥವಾಗುವುದು ಕಷ್ಟ.

ಮಗಳು ಬೆನಿತಾಳ ಮಗುವಿಗೆ ಜವಳ ಗೊತ್ತಾಯಿತು. ನಮ್ಮಲ್ಲಿ ಮಗುವಿನ ಮೊದಲ ಕೂದಲ ಕುಡಿಯನ್ನು ಕತ್ತರಿಸುವವನು ಪದ್ರಿನೋ. ಆ ಮಗುವಿಗೆ ಬದುಕಿಡೀ ಆಸರೆಯಾಗುವವನು. ಅವನ ತಟ್ಟೆಗೆ ಮನೆಯ ಅತಿ ದೊಡ್ಡ ಕುಯಿಯನ್ನು ಇಡಿಯಾಗಿ, ತಲೆ ಅವನತ್ತ ಮಾಡಿ ಬಡಿಸಬೇಕು. ದೊಡ್ಡದನ್ನು ಬಚ್ಚಿಟ್ಟು ಸಣ್ಣದನ್ನು ಕೊಟ್ಟರೆ ಮಗುವನ್ನೇ ಅಗ್ಗ ಮಾಡಿದಂತೆ. ಪದ್ರಿನೋ ಆಗಲು ಒಪ್ಪಿಕೊಂಡವನು ಲಾರಿಯ ಮಾಲೀಕ ದೊನ್ ಹಸಿಂತೋ. ಶಾಸ್ತ್ರದ ಉಸ್ತುವಾರಿಗೆ ಬಂದವಳು ನಿಕನೋರಾಳ ಗಂಡನ ಅಕ್ಕ ಎಲಿಯೊದೋರಾ. ಅವಳ ಕಣ್ಣು ಒಲೆಯ ಬದಿಯನ್ನೆಲ್ಲ ಸುತ್ತಿ ಬಂದು ಪುಕಾಳ ಮೇಲೆ ನಿಂತಿತು.

"ಅಬ್ಬಾ, ಏನು ಹೊಟ್ಟೆಯೇ ಇದರದು! ಪದ್ರಿನೋಗೆ ಇದೇ ಆಯ್ತು ಬಿಡು."

"ಅದು ಗಬ್ಬ ಆಗಿದೆ, ಅತ್ತಿಗೆ," ಅಂದಳು ನಿಕನೋರಾ. ಕಣ್ಣು ಮುಚ್ಚಲಿಲ್ಲ, ಕೈ ಇಡಲಿಲ್ಲ. "ಕೈ ಹೇಳ್ತದೆ."

ಕೈ ಹೇಳಿದ ಮೇಲೆ ಮುಗಿಯಿತು. ಮಗುವಿನ ಶಾಸ್ತ್ರಕ್ಕೆ ಗಬ್ಬದ ಪ್ರಾಣಿಯನ್ನು ಕೊಯ್ದರೆ ನಮ್ಮ ಬೆಟ್ಟದ ದೇವರು ಬೆಟ್ಟದಪ್ಪ ಮುನಿದು ಮಗುವಿಗೇ ಕೇಡೆಂದು ನಂಬುವವರು ನಾವು. ಎಲಿಯೊದೋರಾ ಲಂಗ ಕೊಡವಿ ಎದ್ದಳು. ಆಲೂಗಡ್ಡೆ ಕಿತ್ತ ಮೇಲೆ ಜವಳ, ಅಷ್ಟರಲ್ಲಿ ಮರಿ ಹಾಕಿರುತ್ತದೆ, ಆಮೇಲೆ ನೋಡಿದರಾಯಿತು ಎಂದು ಹೇಳಿಯೇ ಹೋದಳು.

ಸುಳ್ಳಿಗೆ ಹಸಿವು ಜಾಸ್ತಿ ಎಂಬುದು ಆಮೇಲೆ ತಿಳಿಯಿತು. ನಿಕನೋರಾಳ ಮನೆಯಲ್ಲಿ ಬಾಣಂತನ ಬಂತೆಂದು ನೆರೆಯವರೆಲ್ಲ ಎಳೆಯ ಕುದುರೆಮಸಾಲೆ ಸೊಪ್ಪು ತಂದು ಸುರಿದರು. ಬೆನಿತಾ ಜೋಳದ ಎಳೆ ಗರಿ ತಂದಳು. ನಾನೂ ಒಂದು ಕಂತೆ ಹೊತ್ತುಕೊಂಡು ಹೋಗಿ ಕೊಟ್ಟೆ. ನಿಕನೋರಾ ಬೇಡ ಎನ್ನುವಂತಿರಲಿಲ್ಲ. ಪುಕಾ ಬೇಡ ಎನ್ನುವ ಜಾಯಮಾನದ್ದಲ್ಲ. ಆಲೂಗಡ್ಡೆ ಕಿತ್ತಾಯಿತು. ಮರಿಗಳ ಸುಳಿವಿಲ್ಲ. ಪುಕಾ ಮಾತ್ರ ಹಬ್ಬದ ರೊಟ್ಟಿಯಷ್ಟು ಅಗಲವಾಗಿ, ನಡೆದರೆ ಹೊಟ್ಟೆ ನೆಲ ಗುಡಿಸುವ ಸ್ಥಿತಿಗೆ ಬಂತು.

ಜವಳದ ಬೆಳಗ್ಗೆ ಮನೆ ತುಂಬಿತ್ತು. ದೊನ್ ಹಸಿಂತೋ ಹೊಸ ಟೋಪಿ ಹಾಕಿಕೊಂಡು, ಕತ್ತರಿಗೆ ಬಿಳಿ ರಿಬ್ಬನ್ ಕಟ್ಟಿಕೊಂಡು ಬಂದು, ಚಿಚಾದ ಲೋಟ ಹಿಡಿದು ಕೂತಿದ್ದ. ಜೋಳದ ಆ ಹುಳಿಪೇಯ ಎರಡು ಸುತ್ತು ಬಂದಿತ್ತು. ಒಲೆಯ ಬದಿಯಿಂದ ಎಲಿಯೊದೋರಾಳ ದನಿ ಎಲ್ಲರಿಗೂ ಕೇಳುವಂತೆ ಎದ್ದಿತು.

"ಆನೆ ಹೆರೋಕೂ ಇಷ್ಟು ದಿನ ಬೇಡ ಕಣೇ ನಿಕಾ! ಅಲ್ಲ, ರಾತ್ರಿಯೆಲ್ಲ ನಿನ್ನ ಹಾಸಿಗೇಲೇ ಮಲಗ್ತದಲ್ಲ ಇದು, ಇದಕ್ಕೆ ಗಂಡು ಎಲ್ಲಿಂದ ಬಂತು? ಕೋಟಿನ ಜೇಬಲ್ಲೇ ಮದುವೆ ಮಾಡಿಸಿದ್ಯಾ?"

ಜನ ಗೊಳ್ಳೆಂದು ನಕ್ಕರು. ಬೆನಿತಾ ನಗಲಿಲ್ಲ. ಮಗುವನ್ನು ಸೊಂಟಕ್ಕೇರಿಸಿಕೊಂಡು ತಾಯಿಯ ಹತ್ತಿರ ಬಂದಳು. "ಅಮ್ಮ, ಅವರು ಬಂದು ಕೂತಿದಾರೆ. ನಾನು ಯಾವ ಮುಖ ಇಟ್ಕೊಂಡು ಬಡಿಸ್ಲಿ? ಕೊಬ್ಬಾದ್ರೆ ಕೊಬ್ಬು ಅಂತ ಹೇಳಿಬಿಡಮ್ಮ."

"ಎಲ್ಲರ ಮುಂದೆ ಕೈ ಇಡು," ಅಂದಳು ಎಲಿಯೊದೋರಾ. "ನಿನ್ನ ಕೈ ಏನು ಹೇಳ್ತದೆ, ಕೇಳೋಣ."

ನಗು ನಿಂತಿತು. ಗಬ್ಬ ಎಂದು ಇನ್ನೊಮ್ಮೆ ಹೇಳಿದ್ದರೆ ಅವತ್ತಿನ ಮಟ್ಟಿಗೆ ಸಾಗುತ್ತಿತ್ತೆಂದು ನನಗೆ ಈಗಲೂ ಅನಿಸುತ್ತದೆ. ಆ ಕೈಯ ಮಾತನ್ನು ಮುಖದೆದುರು ತಳ್ಳಿಹಾಕುವ ಧೈರ್ಯ ಎಲಿಯೊದೋರಾಳಿಗೂ ಇರಲಿಲ್ಲ. ನಿಕನೋರಾ ಕುಳಿತಳು. ಪುಕಾಳನ್ನು ಮಡಿಲಿಗೆ ಎತ್ತಿಕೊಂಡಳು. ಬಲಗೈ ಹೊರಗೆ ಬಂತು, ಹೊಟ್ಟೆಯ ಕೆಳಗೆ ಸರಿಯಿತು. ಕಣ್ಣು ಮುಚ್ಚಿ, ತುಟಿ ಒಳಗೆಳೆದುಕೊಂಡು, ಸಾವಿರ ಸಲ ಮಾಡಿದ ಕೆಲಸವನ್ನು ಅದೇ ನಿಧಾನದಲ್ಲಿ ಮಾಡಿದಳು. ಪುಕಾ ಹೆದರಲಿಲ್ಲ, ಬೆಚ್ಚಗಿನ ಕೈಗೆ ಮೈಬಿಟ್ಟು ಗುರುಗುಟ್ಟಿತು.

"ಕೊಬ್ಬು," ಅಂದಳು ನಿಕನೋರಾ. "ಬರೀ ಕೊಬ್ಬು. ಒಂದು ಮರಿಯೂ ಇಲ್ಲ ಅಂತ ಕೈ ಹೇಳ್ತದೆ."

ಎಲಿಯೊದೋರಾ ಪ್ರಾಣಿಗೆ ಕೈ ಚಾಚಿದಳು. ನಿಕನೋರಾ ಎದ್ದು ನಿಂತಳು, ಪುಕಾಳನ್ನು ಕೋಟಿನೊಳಗೆ ಸೇರಿಸಿ ಗುಂಡಿ ಹಾಕಿಕೊಂಡಳು.

"ಅದು ಕೈ ಹೇಳಿದ್ದು, ಅತ್ತಿಗೆ. ಈಗ ನಾನು ಹೇಳ್ತೀನಿ, ಕೇಳಿ. ಇವಳನ್ನ ಯಾರೂ ಮುಟ್ಟೋ ಹಾಗಿಲ್ಲ. ಗಬ್ಬ ಅಂತ ಅಲ್ಲ. ಬೆಟ್ಟದಪ್ಪ ಮುನೀತಾನೆ ಅಂತಾನೂ ಅಲ್ಲ. ಇವಳು ನನ್ನವಳು, ನಾನು ಕೊಡಲ್ಲ. ಅಷ್ಟೇ."

ಅವಳ ಬಾಯಿಂದ "ನಾನು ಹೇಳ್ತೀನಿ" ಎಂಬ ಮಾತು ಕೇಳಿದ್ದು ಊರಿಗೆ ಅದೇ ಮೊದಲು. ಬೆನಿತಾ ತಲೆ ತಗ್ಗಿಸಿದಳು. ದೊನ್ ಹಸಿಂತೋ ಲೋಟ ಕೆಳಗಿಟ್ಟು, ರಿಬ್ಬನ್ನಿನ ಕತ್ತರಿಯಿಂದ ಕೂದಲ ಕುಡಿ ಕತ್ತರಿಸಿದ. ಪುಕಾಳ ಬದಲು ತನ್ನ ಮುಂದೆ ಬಂದ ಎರಡನೆಯ ದೊಡ್ಡ ಕುಯಿಯ ಒಂದು ಕಾಲನ್ನು ಮಾತ್ರ ಮುರಿದು ತಿಂದು, ಉಳಿದದ್ದಕ್ಕೆ ಬಟ್ಟೆ ಮುಚ್ಚಿ, ಬೇಗನೆ ಎದ್ದ. ಮಗುವನ್ನು ಕೈಬಿಟ್ಟನೆಂದಲ್ಲ. ಮುಂದೆ ಆ ಮನೆಯ ಊಟಕ್ಕೆ ಮಾತ್ರ ಅವನು ಕೂರಲಿಲ್ಲ. ಬೆನಿತಾ ಒಂದು ಮಳೆಗಾಲವಿಡೀ ತಾಯಿಯೊಡನೆ ಬೇಕಾದಷ್ಟೇ ಮಾತಾಡಿದಳು. ಎಲಿಯೊದೋರಾ ಅಷ್ಟನ್ನೂ ಆಡಲಿಲ್ಲ. ಶಾಲಿನಲ್ಲಿ ಕುಯಿ ಸುತ್ತಿಕೊಂಡು ಆ ಹೊಸ್ತಿಲು ಹತ್ತುವವರೂ ನಿಂತರು. ಒಮ್ಮೆ ಸುಳ್ಳಾಡಿದ ಕೈ ಎಂದು ಊರು ತೀರ್ಮಾನಿಸಿತು.

ಒಂದು ದಿನ ದಿಣ್ಣೆಯ ಹಾದಿಯಲ್ಲಿ ನಿಕನೋರಾ ನನಗೆ ಎದುರಾದಳು. ನಡಿಗೆ ವಾಲುತ್ತಿರಲಿಲ್ಲ, ಎರಡೂ ತೋಳು ಬೀಸುತ್ತಿದ್ದವು. ಊರು ಹೀಗೆ ಮಾಡಿತಲ್ಲ, ಬೇಜಾರಿಲ್ಲವೇ ಎಂದೆ.

"ಕೈ ಯಾವತ್ತು ಸುಳ್ಳು ಹೇಳ್ತು? ಸುಳ್ಳು ಹೇಳಿದ್ದು ನಾನು. ಕೈಯನ್ನ ಕೇಳಿದ ದಿನ ಅದು ನಿಜಾನೇ ಹೇಳ್ತಲ್ಲ," ಅಂದಳು. ಆಮೇಲೆ ಗಹಗಹಿಸಿ ನಕ್ಕು, "ಹೋಗ್ಲಿ ಬಿಡು, ಕೆಲಸ ಇಲ್ಲ ಈಗ ಇದಕ್ಕೆ. ಹಿಡ್ಕೋ," ಎಂದು ಬಲಗೈಯನ್ನು ಮುಂದೆ ಚಾಚಿದಳು. ಅಷ್ಟು ವರ್ಷಗಳ ನೆರೆಯಲ್ಲಿ ನಾನು ಅದನ್ನು ಹಿಡಿದದ್ದು ಆಗಲೇ. ಬೆಚ್ಚಗಿತ್ತು. ಕೋಟಿನ ಜೇಬಿನಲ್ಲಿ, ಹೊಲಿಗೆ ಬಿರಿಯುವಂತೆ ತುಂಬಿಕೊಂಡು, ಪುಕಾ ಸೊಪ್ಪು ಅಗಿಯುತ್ತಿತ್ತು.

ಲೋಕದಲ್ಲಿ ಹೆಚ್ಚಿನವರು ತಮಗೆ ಬೇಕಾದದ್ದನ್ನು ಯಾವುದಾದರೊಂದು ಕಟ್ಟಳೆಯ ಸೆರಗಿನಡಿ ಬಚ್ಚಿಟ್ಟು ಕಾಪಾಡಿಕೊಳ್ಳುತ್ತಾರೆ. ಶಾಸ್ತ್ರ ಒಪ್ಪುವುದಿಲ್ಲ, ಹಿರಿಯರು ಬೇಡವೆಂದರು, ಕೈ ಹೇಳಿತು ಎನ್ನುತ್ತಾರೆ. ಸೆರಗು ಸಾಲದಾದ ದಿನ ವಸ್ತುವನ್ನೇ ಒಪ್ಪಿಸಿ ಮರ್ಯಾದೆ ಉಳಿಸಿಕೊಳ್ಳುತ್ತಾರೆ. ನಿಕನೋರಾಳ ಜಾತಿಯವರು ಅಪರೂಪ. ಅವರೂ ಮೊದಲು ಬಚ್ಚಿಡುತ್ತಾರೆ, ಸುಳ್ಳನ್ನೂ ಆಡುತ್ತಾರೆ. ಆದರೆ ತುಂಬಿದ ಮನೆಯಲ್ಲಿ ಎದ್ದು ನಿಲ್ಲಬೇಕಾದಾಗ ನೆಪಗಳನ್ನೆಲ್ಲ ತಾವೇ ಕಿತ್ತೊಗೆದು, ನನ್ನದು, ಕೊಡುವುದಿಲ್ಲ ಎನ್ನುತ್ತಾರೆ. ಊರಿಗೆ ಅಂಥವರಿಂದ ತೊಂದರೆಯೇ ಹೆಚ್ಚು, ನಿಜ. ಅಂಥವರ ಕೋಟಿನ ಜೇಬಿನಲ್ಲಿ ಮಾತ್ರ ಒಂದು ಜೀವ ನಿಶ್ಚಿಂತೆಯಿಂದ ದಪ್ಪಗಾಗುತ್ತಿರುತ್ತದೆ.