ಗಾಲಿಯೊಳಗಿನ ಆರು ತುಂಡು ರಬ್ಬರು

ಐದು ಗಂಟೆಯೊಳಗೆ ಮಂಡ್ಯದ ಕಚೇರಿಯಲ್ಲಿ ಸಹಿ ಹಾಕದಿದ್ದರೆ ಗೋದಾಳ ಟೀಚರ್ ಕೆಲಸ ಪಟ್ಟಿಯಲ್ಲಿದ್ದ ಮುಂದಿನವರ ಪಾಲು. ಸಾವಿರದ ಒಂಬೈನೂರ ಎಪ್ಪತ್ತನಾಲ್ಕರಲ್ಲಿ ಆ ನೇಮಕದ ಆರ್ಡರು ಮಳವಳ್ಳಿಗೆ ಬಂದದ್ದೇ ಕೊನೆಯ ದಿನ, ಮಧ್ಯಾಹ್ನದ ಟಪಾಲಿನಲ್ಲಿ. ಬಸ್ಸು ಆಗಲೇ ಹೋಗಿತ್ತು. ಅವಳ ಅಪ್ಪ ಕಸ್ತೂರಿರಂಗ ಅಯ್ಯಂಗಾರರು ಪಂಚೆ ಎತ್ತಿ ಕಟ್ಟಿ, ಮಿಲಿಟರಿ ಹರಾಜಿನಲ್ಲಿ ಕೊಂಡ ಹಳೇ ಮೋಟಾರ್ ಸೈಕಲ್ ಹೊರಡಿಸಿದರು.

ಕೆ.ಎಂ. ದೊಡ್ಡಿ ದಾಟುತ್ತಿದ್ದಂತೆ ಹಿಂದಿನ ಗಾಲಿ ಧಡ್ ಧಡ್ ಎಂದು ಒದೆಯತೊಡಗಿತು. ಗೇರು ಬದಲಿಸಿದಾಗಲೆಲ್ಲ ಗೋದಾಳ ಹಲ್ಲಿಗೆ ಹಲ್ಲು ಬಡಿಯಿತು. ಕಬ್ಬಿನ ಗದ್ದೆಯ ಪಕ್ಕದ ಸೈಕಲ್ ಶಾಪಿನ ಮುಂದೆ ನಿಂತಾಗ ಮೂರೂಕಾಲು.

ಶಾಪಿನ ಸಿದ್ದರಾಮು ಗಾಲಿ ಕಳಚಿ ಅದರ ನಡುವಿನ ಹಬ್ಬು ಬಿಚ್ಚಿದ. ಒಳಗಿದ್ದ ಆರು ತುಂಡು ರಬ್ಬರು ಹಲ್ವಾದಂತೆ ಬೆರಳಿಗೆ ಅಂಟಿಬಂದವು.

"ಏನ್ ಸುರುದ್ರಿ ಸ್ವಾಮಿ ಇದರೊಳಕ್ಕೆ?"

"ಕಿರುಗುಟ್ಟುತ್ತಿತ್ತಪ್ಪ. ಶನಿವಾರ ಶನಿವಾರ ಒಂದಿಷ್ಟು ಹೊಂಗೆ ಎಣ್ಣೆ..."

"ಅಭ್ಯಂಜನ ಮಾಡ್ಸಿದ್ದೀರಿ ಬುಡಿ! ಎಣ್ಣೆ ಕುಡುದ್ರೆ ರಬ್ಬರು ಉಳೀತದಾ? ಇಂಜಿನ್ನು ಎಳಿಯೋ ಏಟ ಇದು ನುಂಗ್ಬೇಕು. ಈಗ ಎಲ್ಲಾ ಚೈನಿಗೇ ಬೀಳ್ತಾದೆ. ನೋಡಿ, ಒಂದ್ ಕೊಂಡಿ ಬಿರುಕು ಬುಟ್ಟದೆ. ಇಂಗೇ ಓದ್ರೆ ಕಿತ್ಕಂಡು ಗಾಲೀಗೆ ಸುತ್ಕತದೆ. ಈ ಅವ್ವನ್ನ ಕೂರಿಸ್ಕಂಡು ನಾ ಕಳ್ಸಕಿಲ್ಲ."

ಮುಂದಿನ ಬಸ್ಸು ನಾಲ್ಕೂವರೆಗೆ. ಅದು ಮಂಡ್ಯ ಮುಟ್ಟುವಷ್ಟರಲ್ಲಿ ಕಚೇರಿ ಮುಚ್ಚಿರುತ್ತದೆ.

"ಲಾರಿ ಟೈರಿದ್ರೆ ಕುಯ್ದು ಕೂರಿಸ್ಬೋದಿತ್ತು" ಎಂದ ಸಿದ್ದರಾಮು ಬೆಂಚಿನ ಕಡೆ ನೋಡಿದ. ಅಲ್ಲಿ ಬೀಡಿ ಸೇದುತ್ತಿದ್ದ ಮುದುಕ ಕೆಂಪಸಿದ್ದಯ್ಯನ ಕಾಲಲ್ಲಿ ಲಾರಿ ಟೈರಿನ ದಪ್ಪ ಮೆಟ್ಟುಗಳಿದ್ದವು.

ಇನ್ನೊಬ್ಬರ ಮೆಟ್ಟು ಸೋಕಿದರೆ ಸ್ನಾನ ಮಾಡುವ ಅಯ್ಯಂಗಾರರು ಅದನ್ನು ಬೇಡುವುದು ಹೇಗೆ? ಗೋದಾಳಿಗೋ ಹೊಸಬರೆದುರು ದನಿಯೇ ಹೊರಡದು. ಅಪ್ಪ ಕೇಳಲೆಂದು ಕಾದಳು. ಅಪ್ಪ ಕಬ್ಬಿನ ಗದ್ದೆ ನೋಡುತ್ತಿದ್ದರು.

"ಅಜ್ಜಾ... ನಿಮ್ಮ ಮೆಟ್ಟು ಕೊಡ್ತೀರಾ?"

"ಏನಂದೆ? ಒಸಿ ಗಟ್ಯಾಗಿ ಏಳವ್ವ."

ಅವಳು ಗಟ್ಟಿಯಾಗಿ ಹೇಳಿದಳು. ರಸ್ತೆಯಲ್ಲಿ ಹೋಗುತ್ತಿದ್ದ ಗಾಡಿಯವನೂ ತಿರುಗಿ ನೋಡಿದ.

"ಐನೋರ ಮಗ್ಳಿಗೆ ನನ್ ಮೆಟ್ಟಾ!" ಮುದುಕ ಕೆಮ್ಮುತ್ತಾ ನಕ್ಕ. "ತಕಾ. ಆದ್ರೆ ಬಾರು ಜಾರ್ತದೆ ಅಂತ ಸೊಸೆ ಗಂಟಾಕವ್ಳೆ. ನಂಗೆ ಬಗ್ಗಕಾಗಕಿಲ್ಲ, ಸೊಂಟ ಇಡ್ಕಂಡದೆ. ನೀನೇ ಬಿಚ್ಕೊ."

"ಗೋದಾ" ಎಂದರು ಅಪ್ಪ, ಮೆಲ್ಲಗೆ.

ಅವಳು ಆಗಲೇ ಮೊಣಕಾಲೂರಿದ್ದಳು. ಗಂಟು ಬಿಗಿದಿತ್ತು, ಉಗುರು ಮುರಿಯಿತು. ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದು ಮೆಟ್ಟುಗಳನ್ನು ಒಂದೊಂದಾಗಿ ಎಳೆದಳು.

ಸಿದ್ದರಾಮು ಮೆಟ್ಟು ಕೊಯ್ದು, ಉಜ್ಜಿ, ಆರೂ ತುಂಡು ಕೂರಿಸಿ ಗಾಲಿ ಬಿಗಿಯುವಷ್ಟರಲ್ಲಿ ನಾಲ್ಕು ಹೊಡೆದಿತ್ತು. "ಗೇರ್ ಒದೀಬ್ಯಾಡಿ ಸ್ವಾಮಿ, ಸುಮ್ಕೆ ಮುಟ್ಟಿ. ಏಟು ಬೀಳ್ದಿದ್ರೆ ಆ ಕೊಂಡಿ ಮಂಡ್ಯಗಂಟ ತಡೀತದೆ."

ಮದ್ದೂರು ದಾಟುವವರೆಗೂ ಗೋದಾ ಗಾಲಿಯನ್ನೇ ಆಲಿಸಿದಳು. ಬಿರುಕು ಬಿಟ್ಟ ಕೊಂಡಿ ಟಿಕ್ ಟಿಕ್ ಎನ್ನುತ್ತಿತ್ತು, ಒದೆತವಿರಲಿಲ್ಲ. ಮಂಡ್ಯದ ಹತ್ತಿರ ಸಕ್ಕರೆ ಫ್ಯಾಕ್ಟರಿಗೆ ಹೊರಟ ಕಬ್ಬಿನ ಗಾಡಿಗಳ ಸಾಲು ಅಡ್ಡಬಂತು. ನಿಲ್ಲುವುದು, ಎಳೆಯುವುದು, ಮತ್ತೆ ನಿಲ್ಲುವುದು. ಒಂದೊಂದು ಎಳೆತಕ್ಕೂ ಅವಳು ಕಣ್ಣು ಮುಚ್ಚಿದಳು.

ಕಚೇರಿಯಲ್ಲಿ ಗುಮಾಸ್ತ ಬೀರುವಿಗೆ ಬೀಗ ಹಾಕುತ್ತಿದ್ದ. ಐದಕ್ಕೆ ಇನ್ನು ನಾಲ್ಕು ನಿಮಿಷ. ಗೊಣಗುತ್ತಲೇ ರಿಜಿಸ್ಟರು ತೆಗೆದ. ಗೋದಾ ಸಹಿ ಹಾಕಿದಳು.

ಹೊರಗೆ ಅಪ್ಪ ಹಬ್ಬಿನ ಮೇಲೆ ಕೈಯಿಟ್ಟು ಬಿಸಿ ನೋಡುತ್ತಿದ್ದರು.

"ಆಯ್ತಾ?"

"ಆಯ್ತು."

ಅವರು ಕೈ ಒರೆಸಿಕೊಂಡರು. "ಪಾಪ, ಆತ ಬರಿಗಾಲಲ್ಲಿ ಮನೆಗೆ ಹೋಗಿರ್ತಾನೆ. ಪೇಟೆಯಲ್ಲಿ ಮೆಟ್ಟು ಮಾಡೋರಿದ್ದಾರೆ. ಅಳತೆ ನಿನಗೇನಾದರೂ ಗೊತ್ತಾ?"

ಗೋದಾ ಕೈ ಅಗಲಿಸಿ ಅಳೆದು ತೋರಿಸಿದಳು: ಒಂದು ಗೇಣು, ಅದರ ಮೇಲೆ ಎರಡು ಬೆರಳು.